ಮೇಸ್ತ್ರಿ ನೋಡಿದ ಆಸ್ಪತ್ರೆ

ಅವನನ್ನು ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು. ಆಳು ಅಷ್ಟು ಉದ್ದ. ಬೇರೆ ಗಾರೆಯವರು ಹಲಗೆ ಹತ್ತಿ ಇಡುವ ಇಟ್ಟಿಗೆಯನ್ನು ಇವನು ನೆಲದ ಮೇಲೆ ನಿಂತೇ ಇಡುತ್ತಿದ್ದ. ಆ ಏಣಿಯೇ ಕಳೆದ ವರ್ಷ ಮೂರನೇ ಮಹಡಿಗೆ ಕಟ್ಟಿದ್ದ ಸಾರುವೆಯ ಹಲಗೆಯಿಂದ ಬಿದ್ದು, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿಯಿತು. ದೇವರಿಗೂ ಒಮ್ಮೊಮ್ಮೆ ಇಂಥ ಕೆಟ್ಟ ತಮಾಷೆ ಹೊಳೆಯುತ್ತದೆ.

ಹೆಂಡತಿ ಕಿಟಕಿ ಪಕ್ಕದ ಹೊಲಿಗೆ ಯಂತ್ರದಲ್ಲೇ ಸಂಸಾರ ಎಳೆಯತೊಡಗಿದಳು. ಇದ್ದದ್ದು ಒಂದು ಕೋಣೆ, ಒಂದು ಅಡುಗೆಮೂಲೆ. ಇವನು ಕಣ್ಣು ಬಿಟ್ಟರೆ ಸೂರು, ಮುಚ್ಚಿದರೆ ಯಂತ್ರದ ಕಟಕಟ. ಮಗಳು ಇದನ್ನು ನೋಡಲಾರದೆ ತನ್ನ ಹಳೇ ಟ್ಯಾಬ್‌ನಲ್ಲಿ ಒಂದು ವಿಡಿಯೋ ಗೇಮ್ ಹಾಕಿಕೊಟ್ಟಳು. ಅದರಲ್ಲಿ ಚೌಕ ಬ್ಲಾಕುಗಳನ್ನು ಒಂದರ ಮೇಲೊಂದು ಇಟ್ಟು ಏನು ಬೇಕಾದರೂ ಕಟ್ಟಬಹುದು. "ಇದೇನೇ, ಮಕ್ಕಳಾಟ," ಎಂದು ಮೂಗು ಮುರಿದವನು ಸಂಜೆಯೊಳಗೆ ತಳಪಾಯ ಹಾಕಿ ಮುಗಿಸಿದ್ದ.

ಕಟ್ಟಿದ್ದು ಆಸ್ಪತ್ರೆ. ಸಣ್ಣದೇನಲ್ಲ, ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಬೆರಳು ಸೋತುಹೋಗಬೇಕು. ಮಲಗಿದವರಿಗೂ ಬೀದಿ ಕಾಣಲೆಂದು ಕಿಟಕಿಗಳನ್ನು ಮಂಡಿಯ ಮಟ್ಟಕ್ಕೆ ಇಳಿಸಿದ್ದ. ಗಾಲಿಕುರ್ಚಿ ಹೋಗಲು ಎಲ್ಲೆಲ್ಲೂ ಇಳಿಜಾರು ಮಾಡಿದ್ದ. ತಿಂಗಳುಗಟ್ಟಲೆ ಬಿದ್ದುಕೊಂಡು ಕಲಿತ ಪಾಠ ಇದು. ಹೇಗಿದೆ ಎಂದು ಹೆಂಡತಿಯನ್ನು ಕೇಳಿದರೆ "ಚೆನ್ನಾಗಿದೆ ರೀ." ಮಗಳನ್ನು ಕೇಳಿದರೆ "ಸೂಪರ್ ಅಪ್ಪ." ಇವರ ಮಾತು ಯಾರಿಗೆ ಬೇಕು! ಅವನಿಗೆ ಬೇಕಿದ್ದದ್ದು ಮೇಸ್ತ್ರಿಯ ಮಾತು.

ಮೇಸ್ತ್ರಿ ತಮ್ಮ ಆಳುಗಳನ್ನು ಹೊಗಳಿದವರೇ ಅಲ್ಲ. ದಿನಾ ಸಂಜೆ ಗೋಡೆಗೆ ತೂಗುಗುಂಡು ಇಳಿಬಿಟ್ಟು ಮಂಗಳಾರತಿ ಶುರುಮಾಡುತ್ತಿದ್ದರು. "ಲೋ ಏಣಿ, ಇದನ್ನ ಗೋಡೆ ಅಂತಾರೇನೋ? ಎಮ್ಮೆ ಬೆನ್ನು ಉಜ್ಜಿದ್ರೆ ಬೀಳುತ್ತೆ. ನಾಳೆ ಬಂದು ಕಿತ್ತು ಕಟ್ಟು!" ಆ 'ನಾಳೆ ಬಂದು' ಅನ್ನುವುದಿದೆಯಲ್ಲ, ಅದು ಕೇಳಿದರೆ ಆಳುಗಳಿಗೆ ನೆಮ್ಮದಿಯ ನಿದ್ದೆ. ಯಾರನ್ನಾದರೂ ಕೆಲಸದಿಂದ ಬಿಡಿಸುವಾಗ ಮಾತ್ರ ಅವರ ದನಿ ಮೆತ್ತಗಾಗುತ್ತಿತ್ತು. ಕೆಲಸ ಬಹಳ ಚೆನ್ನಾಗಿದೆ ಎಂದು ಹೊಗಳಿ ಕಳಿಸುತ್ತಿದ್ದರು.

ಏಣಿ ಈಗ ಗೋಡೆ ಹಿಡಿದು ಒಂದೆರಡು ಹೆಜ್ಜೆ ಇಡುತ್ತಿದ್ದ. ಕೂತು ಮಾಡುವ ಟೈಲ್ಸ್ ಕೆಲಸವನ್ನಾದರೂ ಮೇಸ್ತ್ರಿ ಕೊಟ್ಟಾರು ಎಂಬ ಆಸೆಯೊಂದರಲ್ಲೇ ಜೀವ ಹಿಡಿದುಕೊಂಡಿದ್ದ. ಭಾನುವಾರ ನೋಡಲು ಬರುತ್ತೇನೆ ಎಂದು ಅವರು ಫೋನ್ ಮಾಡಿದ ಮೇಲೆ, ಆಸ್ಪತ್ರೆಯ ಒಂದು ಪಕ್ಕದ ಕಂಬಗಳನ್ನೆಲ್ಲ ಬೇಕೆಂದೇ ಕಿತ್ತುಹಾಕಿದ. ಆ ಆಟದಲ್ಲಿ ಕಂಬ ತೆಗೆದರೂ ಮಹಡಿ ಬೀಳುವುದಿಲ್ಲ, ಗಾಳಿಯಲ್ಲೇ ನಿಂತಿರುತ್ತದೆ. ಅದನ್ನು ಕಂಡು ಮೇಸ್ತ್ರಿ ಹಿಗ್ಗಾಮುಗ್ಗಾ ಬೈಯಲೇಬೇಕು. ಬೈದರೆ ತಾನಿನ್ನೂ ಅವರ ಆಳು ಎಂದು ಲೆಕ್ಕ.

ಮೇಸ್ತ್ರಿ ಬಂದರು. ಸ್ಟೂಲಿನ ಮೇಲೆ ಕೂತು, ಕನ್ನಡಕ ಏರಿಸಿ ಟ್ಯಾಬ್ ಹಿಡಿದರು. ಬೆರಳು ವರಾಂಡ ದಾಟಿ, ಇಳಿಜಾರು ಹತ್ತಿ, ಕಂಬವಿಲ್ಲದ ಮಹಡಿಯ ಹತ್ತಿರ ನಿಂತಿತು. ಹುಬ್ಬು ಗಂಟಿಕ್ಕಿತು. ಬಾಯಿ ತೆರೆದರು. ಏಣಿ ಬೈಗುಳಕ್ಕೆ ಕಿವಿಯೊಡ್ಡಿದ. ಅಷ್ಟರಲ್ಲಿ ಮೇಸ್ತ್ರಿಯ ಕಣ್ಣು ಟ್ಯಾಬ್ ಬಿಟ್ಟು, ಹೊದಿಕೆಯ ಕೆಳಗೆ ಸೊರಗಿದ್ದ ಅವನ ಕಾಲುಗಳ ಕಡೆ ಹೋಯಿತು.

"ಬಹಳ ಚೆನ್ನಾಗಿದೆಯಪ್ಪ," ಎಂದರು.

"ಸರಿಯಾಗಿ ನೋಡಿ ಮೇಸ್ತ್ರೀ. ಕೆಳಗೆ ಕಂಬಾನೇ ಇಲ್ಲ."

"ಇರಲಿ ಬಿಡು, ಆಟ ತಾನೇ."

"ಇಟ್ಟಿಗೆ ಸಂದಿನ ಮೇಲೇ ಇಟ್ಟಿಗೆ ಸಂದು ಬಂದಿದೆ. ಗೋಡೆ ಸೀಳಿಹೋಗಲ್ವಾ?"

"ಏನೂ ಆಗಲ್ಲ. ಒಳ್ಳೇ ಕೈ ಕಣಪ್ಪ ನಿಂದು."

"ಒಂದು ಸಲ ಬೈರಿ ಮೇಸ್ತ್ರೀ," ಎಂದ ಏಣಿ.

ಮೇಸ್ತ್ರಿ ಟ್ಯಾಬನ್ನು ಹಾಸಿಗೆಯ ಮೇಲೆ ಮೆಲ್ಲಗಿಟ್ಟು ಎದ್ದರು. ಕಲ್ಲುಮನಸ್ಸಿನವರೇನಲ್ಲ, ಪಾಪ, ಹೊಸಿಲಲ್ಲಿ ಕಣ್ಣೆದುರೇ ಇದ್ದ ಚಪ್ಪಲಿಯನ್ನು ತುಂಬ ಹೊತ್ತು ಹುಡುಕಿದರು. ಆಮೇಲೆ ತಿರುಗಿ ನೋಡದೆ ಹೊರಟುಹೋದರು.

ಅವರು ಬೀದಿ ತಿರುವು ದಾಟುವ ಮೊದಲೇ ಹೆಂಡತಿ ಅಡುಗೆಮೂಲೆಯಿಂದ ಓಡಿಬಂದಳು. ಮುಖವೆಲ್ಲ ನಗು. "ಎಲ್ಲಾ ಕೇಳಿಸ್ಕೊಂಡೆ ರೀ. ಯಾರನ್ನೂ ಹೊಗಳದವರು ನಿಮ್ಮನ್ನ ಅಷ್ಟು ಹೊಗಳಿದ್ರಲ್ಲ! ಕೆಲಸಕ್ಕೆ ಯಾವತ್ತಿಂದ ಬರ್ಬೇಕಂತೆ?"

ಏಣಿಗೆ ಆ ಮುಖ ನೋಡುವ ಧೈರ್ಯ ಬರಲಿಲ್ಲ. ಸತ್ತರೆ ಸಾಕು ಅನ್ನಿಸಿತು.

"ಹೇಳಿಕಳಿಸ್ತಾರಂತೆ ಕಣೇ," ಎಂದ.

ಅವಳು ಹೊಲಿಯುತ್ತಿದ್ದ ಬೇರೆಯವರ ಬಟ್ಟೆಯನ್ನು ಪಕ್ಕಕ್ಕಿಟ್ಟು, ಅವನ ಕೆಲಸದ ಪ್ಯಾಂಟು ಹುಡುಕಿ ತಂದು, ಹರಿದ ಮಂಡಿಗೆ ತೇಪೆ ಹಾಕಲು ಕೂತಳು.