ಮೂರು ಗೂಟದ ಕೊಬ್ಬರಿ ಯಂತ್ರ

1962ರಲ್ಲಿ ನಾನು ತರೀಕೆರೆಯಿಂದ ವರ್ಗವಾಗಿ ಸಿಂಗಟಗೆರೆ ಕಡೆಯ ಒಂದು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದೆ. ಪ್ರಯೋಗಶಾಲೆ ಎಂದರೆ ಒಂದು ಬೀರು. ಅದರಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ, ಮೂಲೆ ಒಡೆದ ಪ್ರಿಸಂ, ಎರಡು ಥರ್ಮಾಮೀಟರು. ಚಲನೆ, ಬಲ, ಶಕ್ತಿ ಎಂಬ ಅಧ್ಯಾಯಗಳನ್ನು ಅಷ್ಟರಲ್ಲೇ ಕಲಿಸಬೇಕಿತ್ತು. ಎಸ್ಸೆಸ್ಸೆಲ್ಸಿ ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ ಹಾಲಮ್ಮ. ಲೆಕ್ಕದಲ್ಲಿ ಅವಳೇ ಮುಂದು.

ದಸರಾ ರಜೆ ಮುಗಿದ ಮೇಲೆ ಅವಳು ವಾರಕ್ಕೆ ಎರಡು ದಿನ ಬಂದರೆ ಹೆಚ್ಚು. ವಿಚಾರಿಸಲು ಮನೆಗೆ ಹೋದೆ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿಸಿ, ಒಳಗೆ ಕೊಬ್ಬರಿ ಉಂಡೆಯಾಗಿ ಅಲ್ಲಾಡತೊಡಗಿದ ಮೇಲೆ ಸುಲಿದು, ಕತ್ತಿಯ ಹಿಂಬದಿಯಿಂದ ಚಿಪ್ಪನ್ನಷ್ಟೇ ಒಡೆಯುವುದು ಆ ಕಡೆಯ ಕೆಲಸ. ಏಟು ಸ್ವಲ್ಪ ಹೆಚ್ಚಾದರೂ ಉಂಡೆ ಸೀಳುತ್ತದೆ. ಹಾಲಮ್ಮನ ತಾಯಿ ರುದ್ರಮ್ಮ ಅದೇ ಕೆಲಸದಲ್ಲಿ ಬಲಗೈ ಮಣಿಕಟ್ಟು ಊದಿಸಿಕೊಂಡು ಮೂಲೆ ಹಿಡಿದಿದ್ದರು.

“ಆಳು ಇಟ್ರೆ ಅರ್ಧಕ್ಕರ್ಧ ಒಡೆದಾಕ್ತಾರೆ ಮೇಷ್ಟ್ರೇ,” ಎಂದರು ತಂದೆ ಓಂಕಾರಪ್ಪ. “ಒಡಕು ಕೊಬ್ರಿನ ಅರಸೀಕೆರೆ ಮಂಡಿಲಿ ಕಣ್ಣೆತ್ತಿ ನೋಡಲ್ಲ. ಇವಳ ಕೈ ಅವ್ವನ ಕೈ ಇದ್ದಂಗೇ ಅದೆ. ಪರೀಕ್ಷೆ ಗಿರೀಕ್ಷೆ ಆಮೇಲೆ ನೋಡಣ.”

ಪರೀಕ್ಷೆಗೆ ಹೆಸರು ಕಳಿಸಲು ಡಿಸೆಂಬರ್ ಕೊನೆಯವರೆಗೆ ಸಮಯವಿತ್ತು. ಅಷ್ಟರೊಳಗೆ ಆ ಕೆಲಸವನ್ನು ಯಾರು ಬೇಕಾದರೂ ಮಾಡುವಂತಾದರೆ ಹುಡುಗಿ ಶಾಲೆಗೆ ಬರಬಹುದು ಎಂದುಕೊಂಡೆ. ಚಿಪ್ಪು ಒಡೆಯುವ ಯಂತ್ರ ಕಟ್ಟುವುದನ್ನೇ ಪಾಠವಾಗಿಸಿದೆ.

ನೆಟ್ಟಗಿನ ಎರಡು ಕಂಬ, ನಡುವೆ ಜಾರುವ ಕಬ್ಬಿಣದ ತೂಕ, ಮೇಲೆ ಬಾವಿಯ ರಾಟೆ, ಒಂದು ಹಗ್ಗ. ಅಂಗಡಿಗಳಿಗೆ ಕಿಲೋ ಬಂದು ಸೇರಿನ ತೂಕಗಳು ಮೂಲೆಗೆ ಬಿದ್ದಿದ್ದ ಕಾಲ. ಹುಡುಗರು ಕೇಳಿದಷ್ಟು ತಂದರು. ಎತ್ತಿ ಹಿಡಿದ ತೂಕದಲ್ಲಿ ಪ್ರಚ್ಛನ್ನ ಶಕ್ತಿ ಇರುತ್ತದೆ. ಬೀಳುವಾಗ ಅದು ಚಲನಶಕ್ತಿಯಾಗುತ್ತದೆ. ಕಾಯಿಗೆ ತಾಗಿ ಥಟ್ಟನೆ ನಿಂತಾಗ ಚಿಪ್ಪಿನ ಮೇಲೆ ಬಲ ಬೀಳುತ್ತದೆ. ಕರಿಹಲಗೆಯ ಮೇಲೆ ಇದು ಸುಲಭ. ಮೊದಲ ವಾರ ತರಗತಿಯೆಲ್ಲ ಕೊಬ್ಬರಿ ಚೂರು ತಿಂದಿತು.

ದಾರಿ ಕಂಡವಳು ಹಾಲಮ್ಮ. ಶಾಲೆಗೆ ಬಂದ ದಿನಗಳಲ್ಲಿ ಅವಳು ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಗಾತ್ರ ಮತ್ತು ಸದ್ದು ನೋಡಿ ಮೂರು ಗುಡ್ಡೆ ಮಾಡಿದಳು. ತೂಕ ಬದಲಿಸುವ ಬದಲು ಎತ್ತರ ಬದಲಿಸೋಣ ಎಂದು ಕಂಬಕ್ಕೆ ಗುಡ್ಡೆಗೊಂದರಂತೆ ಮೂರು ಎತ್ತರದಲ್ಲಿ ಗೂಟ ಹೊಡೆಸಿದಳು.

“ಎರಡರಷ್ಟು ಎತ್ತರದಿಂದ ಬಿಟ್ಟರೆ ವೇಗವೂ ಎರಡರಷ್ಟಾಗುತ್ತೇನಮ್ಮ?” ಎಂದು ಕೇಳಿದೆ.

“ವೇಗ ಅಷ್ಟಾಗಲ್ಲ ಸಾರ್. ಶಕ್ತಿ ಎರಡರಷ್ಟಾಗ್ತದೆ.”

ನಾನು ಹೇಳಿಕೊಡುವ ಮೊದಲೇ ಈ ಎರಡನ್ನು ಬೇರೆ ಮಾಡಿ ಹೇಳಿದ ವಿದ್ಯಾರ್ಥಿ ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ನಂಜುಂಡನೆಂಬ ಹುಡುಗ ತಲೆ ಬಗ್ಗಿಸಿ, “ನನ್ ತಲೆಗೆ ಯಾವ ಗೂಟ ಹಾಲಮ್ಮ?” ಎಂದ.

“ಮೊದ್ಲು ಅಲ್ಲಾಡ್ಸು ನೋಡಣ. ಒಳಗೇನಾದ್ರೂ ಇದ್ರೆ ತಾನೇ,” ಎಂದಳು.

ಡಿಸೆಂಬರ್ ನಡುವಿನಲ್ಲಿ ಯಂತ್ರವನ್ನು ಗಾಡಿಯಲ್ಲಿ ಹೇರಿಕೊಂಡು ಅವರ ಮನೆಗೆ ಒಯ್ದೆವು. ಹಾಲಮ್ಮ ಕಾಯಿ ಅಲ್ಲಾಡಿಸಿ, ಗೂಟ ನೋಡಿ, ಹಗ್ಗ ಬಿಟ್ಟಳು. ಕಾಯಿ ತಿರುಗಿಸಿ ಮತ್ತೆ ಬಿಟ್ಟಳು. ಚಿಪ್ಪು ಬಿರಿದು ಉಂಡೆ ಇಡಿಯಾಗಿ ಹೊರಬಂತು. ಮಧ್ಯಾಹ್ನದ ಹೊತ್ತಿಗೆ ಜಗಲಿಯ ಮೇಲೆ ಗುಡ್ಡೆ ಬಿತ್ತು. ಅದರಲ್ಲಿ ಒಡಕು ಒಂದೂ ಇರಲಿಲ್ಲ.

“ನಿಮ್ ಉಪಕಾರ ಮರೆಯಲ್ಲ ಮೇಷ್ಟ್ರೇ,” ಎಂದು ಓಂಕಾರಪ್ಪ ಕೈಮುಗಿದರು.

“ಹಾಗಾದರೆ ಸೋಮವಾರದಿಂದ ಹುಡುಗೀನ ಕಳಿಸಿ,” ಎಂದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಅದೆಂಗಾಯ್ತದೆ? ಯಾವ ಕಾಯಿಗೆ ಯಾವ ಗೂಟ ಅಂತ ಗೊತ್ತಿರೋದು ಇವಳೊಬ್ಳಿಗೇ ಅಲ್ವೇ? ನಮ್ಮಣ್ಣನ ಮನೆ ಕಾಯೂ ಇಲ್ಲಿಗೇ ಬತ್ತದೆ ಈಗ.”

ಆಳಿಗೆ ಕಲಿಸುತ್ತೇನೆಂದೆ. ಮನೆಯ ಆಳು ತಿಮ್ಮ ಹಗ್ಗ ಹಿಡಿದು ಎಲ್ಲ ಕಾಯಿಯನ್ನೂ ಮೇಲಿನ ಗೂಟದಿಂದಲೇ ಹೊಡೆದ. ಮೂರನೆಯ ಉಂಡೆ ಸೀಳುತ್ತಿದ್ದಂತೆ ಓಂಕಾರಪ್ಪ, “ಸಾಕು ನಿಲ್ಸಯ್ಯಾ!” ಎಂದು ಹಗ್ಗ ಕಿತ್ತುಕೊಂಡು ಮಗಳ ಕೈಗೆ ಕೊಟ್ಟರು. ರುದ್ರಮ್ಮ ಸೀಳಿದ ಉಂಡೆಗಳನ್ನು ಎಡಗೈಯಲ್ಲಿ ಆರಿಸಿ ಬದಿಗಿಟ್ಟರು.

ಗಾಡಿ ಹತ್ತುವ ಮುನ್ನ ಹಾಲಮ್ಮನ ಹತ್ತಿರ ಹೋಗಿ, ಇನ್ನೊಮ್ಮೆ ಬಂದು ಮಾತಾಡುತ್ತೇನೆ ಎಂದೆ. ಅವಳು ಕಾಯಿಯಿಂದ ಕಣ್ಣೆತ್ತಲಿಲ್ಲ.

“ಯಂತ್ರ ಕೆಟ್ರೆ ಕತ್ತಿ ಹಿಡ್ಕೊಂಡು ಕೂರ್ಬೇಕು, ಕೆಡದಿದ್ರೆ ಹಗ್ಗ. ನೀವ್ ಹೋಗ್ಬನ್ನಿ ಸಾರ್.”

ತಿಂಗಳ ಕೊನೆಯೊಳಗೆ ಮತ್ತೆರಡು ಸಲ ಹೋದೆ. ಉತ್ತರ ಬದಲಾಗಲಿಲ್ಲ. ಅವಳ ಹೆಸರಿಲ್ಲದೆ ಪಟ್ಟಿ ಹೋಯಿತು. ಬೀಳುವ ವಸ್ತುವಿನ ಶಕ್ತಿಯ ಬಗ್ಗೆ ಆ ಸಲದ ಪರೀಕ್ಷೆಯಲ್ಲಿ ಪ್ರಶ್ನೆ ಬಂದಿತ್ತು. ನಂಜುಂಡ ಕೂಡ ಚೆನ್ನಾಗಿ ಬರೆದು ತೇರ್ಗಡೆಯಾದ. ಮುಂದಿನ ವರ್ಷ ಅಕ್ಕಪಕ್ಕದ ಊರಿನವರು ಬಂದು ಅಳತೆ ಕೇಳಿದರು. ಬಡಗಿಗಳು ಯಂತ್ರ ಮಾಡಿಕೊಟ್ಟರು. ಕೆಳಗಿನ ತರಗತಿಯ ಇಬ್ಬರು ಹುಡುಗಿಯರು ಶಾಲೆ ಬಿಟ್ಟರು. ಆ ಎರಡು ಮನೆಗಳಲ್ಲೂ ಯಂತ್ರ ಬಂದಿತ್ತು.

ಯಂತ್ರ ಮನುಷ್ಯನ ಶ್ರಮವನ್ನು ಉಳಿಸುತ್ತದೆ ಎಂಬ ವಾಕ್ಯವನ್ನು ನಾನು ನಿವೃತ್ತಿಯವರೆಗೆ ಕಲಿಸಿದೆ. ಭೌತಶಾಸ್ತ್ರದಲ್ಲಿ ಅದು ಸರಿ. ಹಾಗೆ ಉಳಿದ ಹೊತ್ತು ಯಾರ ಪಾಲಿಗೆ ಹೋಗುತ್ತದೆ ಎಂಬುದನ್ನು ಯಂತ್ರ ಕಟ್ಟುವ ಮೊದಲೇ ಆ ಮನೆಯವರೊಂದಿಗೆ ಮಾತಾಡಿ ತೀರ್ಮಾನಿಸಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ್ದು. ಮುಂದೆ ಹಾಗೆಯೇ ಮಾಡಿದೆ. ಹೆಚ್ಚಿನ ಮನೆಗಳಲ್ಲಿ ಆ ತೀರ್ಮಾನ ನಾನು ಹೋಗುವ ಮೊದಲೇ ಆಗಿರುತ್ತಿತ್ತು.