ಗಣಿಹೊಂಡದಲ್ಲಿ ಹಿಮದ ಕ್ಯಾಮೆರಾ

ಕೋವಿಡ್ ನಿರ್ಬಂಧಗಳೆಲ್ಲ ತೆರವಾದ ಮರುವರ್ಷ ನಾನು ಮಲೇಷ್ಯಾದ ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನಲ್ಲಿ, ಕ್ಯಾಮೆರಾ ತಯಾರಿಸುವ ಕಾರ್ಖಾನೆಯೊಂದರಲ್ಲಿ ರಿಲಯಬಿಲಿಟಿ ಎಂಜಿನಿಯರ್ ಆಗಿದ್ದೆ. ಒಂದು ವಸ್ತು ತನ್ನ ಡಬ್ಬಿಯ ಮೇಲೆ ಅಚ್ಚಾದ ಮಾತುಗಳನ್ನು ಬಿಸಿಯಲ್ಲಿ, ಚಳಿಯಲ್ಲಿ, ನೀರಿನಲ್ಲಿ ಉಳಿಸಿಕೊಳ್ಳುತ್ತದೆಯೇ ಎಂದು ಪರೀಕ್ಷಿಸುವುದು ಈ ಹುದ್ದೆಯ ಕೆಲಸ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ವೇದಿಕೆ ಹತ್ತಿ ಬೆಳೆದ ನನಗೆ ಈ ಕೆಲಸ ಒಗ್ಗಿತ್ತು. ಇಲ್ಲಿಯೂ ಪ್ರತಿಪಾದನೆ ಇರುತ್ತದೆ, ಅದಕ್ಕೆ ಪುರಾವೆ ಕೇಳುವವರೂ ಇರಬೇಕಾಗುತ್ತದೆ.

ಆ ವರ್ಷ ನಮ್ಮ ವಿಭಾಗಕ್ಕೆ ಬಂದ ಸರಕು ವಿಚಿತ್ರವಾಗಿತ್ತು. ಚಳಿದೇಶಗಳಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗ ಜನ ಹಿಮದ ಹಾಸಿನ ಮೇಲೆ ಕುಳಿತು, ಅದರಲ್ಲಿ ತೂತು ಕೊರೆದು, ಗಾಳ ಇಳಿಬಿಟ್ಟು ಮೀನು ಹಿಡಿಯುತ್ತಾರೆ. ಅದೇ ತೂತಿನಿಂದ ಉದ್ದನೆಯ ಕೇಬಲ್ಲಿನ ತುದಿಗೆ ಅಂಗೈ ಗಾತ್ರದ ಕ್ಯಾಮೆರಾವನ್ನೂ ಇಳಿಸಿದರೆ, ಕೆಳಗೆ ಮೀನು ಇದೆಯೇ, ಎಷ್ಟು ಆಳದಲ್ಲಿದೆ, ಗಾಳದ ಬಳಿ ಬಂದು ಮೂಸಿ ಹಿಂದಿರುಗುತ್ತಿದೆಯೇ ಎಂಬುದು ಮೇಲಿನ ಪರದೆಯಲ್ಲಿ ಕಾಣುತ್ತದೆ. ಕೊಳ್ಳುವವರು ನಾಲ್ಕು ಸಂಗತಿ ನೋಡುತ್ತಾರೆ: ಹಿಮದ ಪ್ರಖರ ಬೆಳಕಿನಲ್ಲೂ ಪರದೆ ಕಾಣಬೇಕು, ಕೇಬಲ್ ತಳ ಮುಟ್ಟಬೇಕು, ಬ್ಯಾಟರಿ ಚಳಿಗೆ ಸೋಲಬಾರದು, ದೀಪ ಸರಿಯಾದ ಬಗೆಯದಾಗಿರಬೇಕು. ನಮ್ಮ ದುಬಾರಿ ಮಾದರಿಯಲ್ಲಿ ಲೆನ್ಸಿನ ಸುತ್ತ ಬಳೆಯಂತೆ ಬಿಳಿ ಎಲ್‌ಇಡಿ ದೀಪಗಳಿದ್ದವು. ಅಗ್ಗದ್ದರಲ್ಲಿ ಮೀನಿನ ಕಣ್ಣಿಗೆ ಬೀಳದ ಇನ್‌ಫ್ರಾರೆಡ್ ದೀಪಗಳಿದ್ದವು.

ಈ ಕ್ಯಾಮೆರಾಗಳನ್ನು ಜೋಡಿಸುತ್ತಿದ್ದವರಲ್ಲಿ ಹೆಪ್ಪುಗಟ್ಟಿದ ಕೆರೆಯನ್ನು ಕಂಡವರು ಒಬ್ಬರೂ ಇರಲಿಲ್ಲ. ಗಂಗಾವತಿಯ ಇಮ್ತಿಯಾಜ್ ನನ್ನ ಜೊತೆಯ ಟೆಸ್ಟ್ ಎಂಜಿನಿಯರ್. ಮೈನಸ್ ಇಪ್ಪತ್ತು ಡಿಗ್ರಿಯ ಪರೀಕ್ಷಾ ಪೆಟ್ಟಿಗೆಯ ಬಾಗಿಲು ಮುಚ್ಚುವಾಗಲೆಲ್ಲ ಅವನದೊಂದು ಮಾತಿತ್ತು: "ನಾ ನೋಡಿದ್ ಐಸ್ ಅಂದ್ರ ಚೆಂಡೋಲ್ ಮ್ಯಾಲೆ ತುರದ್ ಹಾಕ್ತಾರಲ್ರಿ ಮೇಡಂ, ಅಷ್ಟ." ಚೆಂಡೋಲ್ ಅಂದರೆ ತೆಂಗಿನಹಾಲು, ಬೆಲ್ಲ ಹಾಕಿದ ಇಲ್ಲಿನ ತಂಪು ಸಿಹಿ.

ಚಿತ್ರದ ಗುಣಮಟ್ಟವನ್ನು ನಾವು ಗಾಜಿನ ತೊಟ್ಟಿಯಲ್ಲಿ ಅಳೆಯುತ್ತಿದ್ದೆವು. ಹಿಮದಡಿಯ ನೀರಿಗೆ ಗಾಳಿಯಿಲ್ಲ, ಅಲೆಯಿಲ್ಲ. ಮಣ್ಣೆಲ್ಲ ತಳ ಸೇರಿ ಅದು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಆದ್ದರಿಂದ ನಮ್ಮ ತೊಟ್ಟಿಯ ನೀರನ್ನೂ ಸೋಸಿ ಸ್ಫಟಿಕದಂತೆ ಇಟ್ಟಿರುತ್ತಿದ್ದೆವು. ಆಚೆ ತುದಿಯಲ್ಲಿ ಕಪ್ಪು ಬಿಳಿ ಗೆರೆಗಳ ಫಲಕ. ಗೆರೆ ಕಂಡರೆ ಪಾಸ್, ಕಾಣದಿದ್ದರೆ ಫೇಲ್. ಮೂರನೆಯ ಉತ್ತರಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಆ ತೊಟ್ಟಿಯ ಮುಂದೆ ಕುಳಿತು ಪ್ರತಿ ಕ್ಯಾಮೆರಾದ ಚಿತ್ರವನ್ನು ನೋಡುತ್ತಿದ್ದವಳು ಸೆಲ್ವಿ. ಮೂರು ತಲೆಮಾರಿನಿಂದ ಮಲೇಷ್ಯಾದಲ್ಲೇ ನೆಲೆಸಿದ ತಮಿಳು ಕುಟುಂಬದವಳು. ನನ್ನ ಮುರುಕು ತಮಿಳನ್ನು ನಗದೆ ಕೇಳಿಸಿಕೊಳ್ಳುತ್ತಿದ್ದ ಕೆಲವರಲ್ಲಿ ಒಬ್ಬಳು. ಅವಳ ಗಂಡ ಗಣೇಶನ್ ಲಾರಿ ಚಾಲಕ. ರಜೆ ಸಿಕ್ಕಿದಾಗ ಪಕ್ಕದ ಪೆರಾಕ್ ರಾಜ್ಯದಲ್ಲಿರುವ ತನ್ನ ಅಣ್ಣನ ಊರಿಗೆ ಹೋಗಿ, ಅಲ್ಲಿನ ಹಳೆಯ ತವರದ ಗಣಿಹೊಂಡದಲ್ಲಿ ಸಣ್ಣ ದೋಣಿ ಇಳಿಸಿ ಮೀನು ಹಿಡಿಯುವುದು ಅವನ ಅಭ್ಯಾಸ. ಗಣಿ ನಿಂತುಹೋದ ಮೇಲೆ ನೀರು ತುಂಬಿ ಕೆರೆಗಳಾಗಿರುವ ಇಂಥ ಹೊಂಡಗಳು ಆ ಸೀಮೆಯಲ್ಲಿ ಬೇಕಾದಷ್ಟಿವೆ.

ಅಂಥ ಒಂದು ಭಾನುವಾರ ದೋಣಿ ಮಗುಚಿಕೊಂಡು ತೇಲುತ್ತಿತ್ತು. ಗಣೇಶನ್ ಇರಲಿಲ್ಲ. ರಕ್ಷಣಾ ದಳದ ಮುಳುಗುಗಾರರು ಹಲವು ದಿನ ಹುಡುಕಿದರು. ಆ ನೀರಿನ ತಳದಲ್ಲಿ ತಮ್ಮ ಕೈಯೇ ತಮಗೆ ಕಾಣದು ಎಂದರು. ಶವ ಮೇಲೆ ತೇಲಿಬರಲಿಲ್ಲ. ಆಗ ಇನ್ನೊಂದು ಮಾತು ತೇಲಿಬಂತು. ಮದುವೆಯಾದ ಹೊಸತರಲ್ಲಿ ಗಣೇಶನ್ ಮನೆಯಲ್ಲಿ ಜಗಳವಾಡಿ, ಯಾರಿಗೂ ಹೇಳದೆ ಸಿಂಗಪುರಕ್ಕೆ ಹೋಗಿ ತಿಂಗಳುಗಟ್ಟಲೆ ದುಡಿದುಕೊಂಡಿದ್ದ. ಈ ಸಲವೂ ಹಾಗೇ ಹೋಗಿದ್ದಾನೆ, ಮುಳುಗಿದ್ದರೆ ಇಷ್ಟು ಹೊತ್ತಿಗೆ ಮೇಲೆ ಬರುತ್ತಿದ್ದ, ದೋಣಿಯನ್ನು ಅವನೇ ಮಗುಚಿಟ್ಟಿರಬೇಕು ಎಂದು ಊರು ಆಡಿಕೊಂಡಿತು. ಹಾಗೆ ಮೊದಲು ಹೇಳಿದವನು ಗಣೇಶನ ಸ್ವಂತ ಅಣ್ಣ ಮುತ್ತು.

ಸೆಲ್ವಿ ಕೆಲಸಕ್ಕೆ ಮರಳಿದ ದಿನ ನೇರವಾಗಿ ನನ್ನ ಮೇಜಿನ ಬಳಿ ಬಂದಳು. ತಮಿಳಿನಲ್ಲಿ ಅವಳಂದದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಅಕ್ಕಾ, ನೀರೊಳಗೆ ನೋಡೋ ಮಿಷನ್ನು ದಿನಾ ನನ್ನ ಕೈಯಲ್ಲೇ ಪಾಸಾಗಿ ಹೋಗುತ್ತೆ. ಒಂದೇ ಒಂದು ಸಲ ಅದನ್ನ ನನಗೋಸ್ಕರ ಇಳಿಸ್ತೀರಾ?"

ಮ್ಯಾನೇಜರ್ ಯಾವ ಪ್ರಶ್ನೆಯನ್ನೂ ಕೇಳದೆ ಎರಡೂ ಮಾದರಿಗಳನ್ನು ಒಯ್ಯಲು ಒಪ್ಪಿದರು. ಮುಂದಿನ ರಜೆಯ ಬೆಳಿಗ್ಗೆ ನಾನು, ಇಮ್ತಿಯಾಜ್ ಮತ್ತು ಸೆಲ್ವಿ ಸೇತುವೆ ದಾಟಿ ಪೆರಾಕ್ ಕಡೆಗೆ ಹೊರಟೆವು.

ಹೊಂಡದ ದಂಡೆಯಲ್ಲಿ ರಕ್ಷಣಾ ದಳದ ಅಧಿಕಾರಿ ನಮಗಾಗಿ ಕಾದಿದ್ದರು. ಎಲ್ಲರೂ ಅವರನ್ನು ಗೌರವದಿಂದ 'ಟುವಾನ್' ಎನ್ನುತ್ತಿದ್ದರು. ಮಿತಭಾಷಿ, ಸಜ್ಜನ. ಹೊಂಡದ ಆಚೆ ಬದಿಯಲ್ಲಿ ಅದಿರು ತೆಗೆಯುತ್ತಿದ್ದ ಹಳೆಯ ಡ್ರೆಜರ್ ಒಂದು ಅರ್ಧ ಮುಳುಗಿ ತುಕ್ಕು ಹಿಡಿದು ನಿಂತಿತ್ತು. ಅದರ ಬುಡದಲ್ಲಿ ತಂತಿ, ಹರಿದ ಬಲೆ, ಕೊಳೆತ ಮರ ಹೆಣೆದುಕೊಂಡಿವೆಯೆಂದು, ಅಲ್ಲಿಗೆ ಮುಳುಗುಗಾರರನ್ನು ಬಿಟ್ಟಿರಲಿಲ್ಲವೆಂದು ಅವರು ವಿವರಿಸಿದರು. ಒಬ್ಬನ ಶವಕ್ಕಾಗಿ ಇನ್ನೊಬ್ಬನನ್ನು ಕಳೆದುಕೊಳ್ಳಲಾಗದು ಎಂಬ ಅವರ ನಿಲುವು ನ್ಯಾಯವಾದದ್ದು. ಹುಡುಕದೆ ಉಳಿದಿದ್ದ ಸ್ಥಳ ಅದೊಂದೇ. ಅಲ್ಲಿಯೂ ಇಲ್ಲವೆಂದಾದರೆ ಶೋಧವನ್ನು ಕೈಬಿಡುವುದು, ಗಣೇಶನ್ ಹೆಸರನ್ನು ಕಾಣೆಯಾದವರ ಸಾಲಿಗೆ ಸೇರಿಸುವುದು ಎಂದು ಆಗಲೇ ತೀರ್ಮಾನವಾಗಿತ್ತು.

ದಳದ ದೋಣಿಯಲ್ಲಿ ಡ್ರೆಜರ್ ಬಳಿ ಹೋಗಿ ದುಬಾರಿ ಕ್ಯಾಮೆರಾವನ್ನು ಇಳಿಸಿದೆವು. ಒಂದಾಳು ಆಳ ದಾಟುತ್ತಲೇ ಪರದೆ ಬೆಳ್ಳಗಾಯಿತು. ದೀಪ ಹೆಚ್ಚಿಸಿದಷ್ಟೂ ಇನ್ನಷ್ಟು ಬಿಳುಪು. ಮಂಜು ಕವಿದ ಘಾಟಿಯಲ್ಲಿ ಹೈಬೀಮ್ ಹಾಕಿದವರಿಗೆ ಇದು ಅರ್ಥವಾದೀತು. ನೀರಿನಲ್ಲಿ ತೇಲುವ ಜೇಡಿಯ ಕಣಗಳಿಗೆ ಬಡಿದ ಬೆಳಕು ಮುಂದೆ ಹೋಗದೆ ಲೆನ್ಸಿಗೇ ಮರಳುತ್ತದೆ. ಇದಕ್ಕೆ ಬ್ಯಾಕ್‌ಸ್ಕ್ಯಾಟರ್ ಎನ್ನುತ್ತಾರೆ. ತಿಳಿನೀರಿನಲ್ಲಿ ವರವಾಗಿದ್ದ ದೀಪದ ಬಳೆ ಇಲ್ಲಿ ನಮ್ಮ ಕಣ್ಣನ್ನೇ ಕಟ್ಟಿತು. ಇನ್‌ಫ್ರಾರೆಡ್ ಮಾದರಿಯಲ್ಲಿ ಬಿಳುಪಿನ ಬದಲು ಬೂದು, ಅಷ್ಟೇ ವ್ಯತ್ಯಾಸ. ಡ್ರೆಜರಿನ ಸುತ್ತ ಎಲ್ಲ ಕಡೆಯೂ ಇಳಿಸಿ ನೋಡಿದೆವು.

ದಂಡೆಗೆ ಬಂದಾಗ ಅಲ್ಲಿ ಕಾದು ನಿಂತಿದ್ದ ಮುತ್ತು ಪರದೆಯನ್ನೂ ಸೆಲ್ವಿಯನ್ನೂ ನೋಡಿದ. "ನಾನು ಆವತ್ತೇ ಹೇಳಿದೆ. ಈಗ ಕ್ಯಾಮೆರಾನೂ ನೋಡ್ತು. ಇನ್ನೇನು ಬೇಕು ನಿನಗೆ?"

ಟುವಾನ್ ಮೃದುವಾಗಿಯೇ ಹೇಳಿದರು: "ಓಕೆ ಲಾ, ಮಿಸ್. ಕ್ಯಾಮೆರಾ ಚೆಕ್ ಆಲ್ರೆಡಿ. ನಥಿಂಗ್ ದೇರ್."

ಒಬ್ಬ ಮನುಷ್ಯ ಹೆಂಡತಿಯನ್ನು ಬಿಟ್ಟು ಓಡಿಹೋದನೆಂಬುದಕ್ಕೆ ನಾವು ತಂದ ಯಂತ್ರವೇ ಸಾಕ್ಷಿಯಾಗುತ್ತಿತ್ತು. ನಾವು ಬಾರದೆ ಇದ್ದಿದ್ದರೆ ಸೆಲ್ವಿಗೆ ಅನುಮಾನದ ಆಸರೆಯಾದರೂ ಉಳಿಯುತ್ತಿತ್ತು. ಚರ್ಚೆಯಲ್ಲಿ ನಮಗೆ ಮೊದಲು ಕಲಿಸಿದ್ದು, ಎದುರಾಳಿಯ ವಾಕ್ಯದಲ್ಲಿ ಪುರಾವೆ ಎಲ್ಲಿ ಮುಗಿದು ಊಹೆ ಎಲ್ಲಿ ಶುರುವಾಗುತ್ತದೆ ಎಂದು ಗುರುತಿಸುವುದನ್ನು. ನಾನು ಟುವಾನರಿಗೆ ಇಂಗ್ಲಿಷಿನಲ್ಲಿ ಹೇಳಿದ ಮಾತಿನ ತಾತ್ಪರ್ಯ ಇಷ್ಟು: "ನಾವು ಏನನ್ನೂ ಕಾಣಲಿಲ್ಲ ಎಂಬುದು ಒಂದು ವಾಕ್ಯ, ಅಲ್ಲಿ ಏನೂ ಇಲ್ಲ ಎಂಬುದು ಇನ್ನೊಂದು. ನಮ್ಮ ಕ್ಯಾಮೆರಾ ಮೊದಲನೆಯದನ್ನು ಮಾತ್ರ ಹೇಳಿದೆ. ಎರಡನೆಯದಕ್ಕೆ ದಯವಿಟ್ಟು ಅದರ ಸಹಿ ಹಾಕಬೇಡಿ."

ಅವರು ಗಡಿಯಾರ ನೋಡಿಕೊಂಡು, ಮಧ್ಯಾಹ್ನದ ನಮಾಜಿನವರೆಗೆ ದೋಣಿ ನಿಮ್ಮದು ಎಂದರು.

ರಸ್ತೆಯ ಪಕ್ಕದಲ್ಲೊಂದು ಮಾಮಕ್ ಅಂಗಡಿ, ಅಂದರೆ ತಮಿಳು ಮುಸ್ಲಿಮರು ನಡೆಸುವ ತಿಂಡಿಯಂಗಡಿ, ಇತ್ತು. ಅಲ್ಲಿ ಕುಳಿತು ನಾನೂ ಇಮ್ತಿಯಾಜನೂ ವಾದಕ್ಕಿಳಿದೆವು. ದೀಪವನ್ನು ಲೆನ್ಸಿನಿಂದ ದೂರ ಕಟ್ಟಿದರೆ ಮಬ್ಬು ಕಡಿಮೆಯಾಗುತ್ತದೆ ಎಂದು ನನ್ನ ವಾದ. ಕಡಿಮೆಯಾದೀತು, ಆದರೆ ಈ ಕೆಸರಿನಲ್ಲಿ ಗೇಣುದೂರವೂ ಕಾಣದು ಎಂದು ಅವನ ವಾದ. ಅವನು ಕುಡಿಯುವ ನೀರನ್ನು ಪೊಟ್ಟಣ ಕಟ್ಟಿಸಿಕೊಂಡಿದ್ದ. ಇಲ್ಲಿ ಚಹಾ, ಶರಬತ್ತು, ನೀರು, ಯಾವುದನ್ನು 'ತಪಾವ್', ಅಂದರೆ ಕಟ್ಟಿಕೊಡಿ, ಎಂದು ಹೇಳಿದರೂ ತೆಳುವಾದ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಬಾಯಿಗೆ ದಾರ ಕಟ್ಟಿ ಕೈಗೆ ಕೊಡುತ್ತಾರೆ. ಆ ಚೀಲ ಮೇಜಿನ ಮೇಲಿದ್ದ ತಿಂಡಿಪಟ್ಟಿಯ ಮೇಲೆ ಒರಗಿತ್ತು, ಅಡಿಯ ಅಕ್ಷರಗಳು ನೀರಿನ ಮೂಲಕ ಸ್ಪಷ್ಟವಾಗಿ ಕಾಣುತ್ತಿದ್ದವು. ಇಬ್ಬರ ಕಣ್ಣೂ ಒಟ್ಟಿಗೇ ಅದರ ಮೇಲೆ ಬಿತ್ತು.

"ಮೇಡಂ," ಎಂದ ಇಮ್ತಿಯಾಜ್, "ಕೆರಿ ನೀರ್ ತಿಳಿ ಮಾಡಾಕ ಆಗಂಗಿಲ್ಲ. ತಿಳಿನೀರ್ನ ನಾವ ಒಯ್ದ್ರ ಹೆಂಗ?"

ಮಾತು ಸರಿಯಾಗಿತ್ತು. ಕ್ಯಾಮೆರಾವನ್ನೇ ಶುದ್ಧನೀರಿನ ಚೀಲದೊಳಗಿಟ್ಟು, ಆ ಚೀಲವನ್ನು ನೋಡಬೇಕಾದ ವಸ್ತುವಿಗೆ ಒತ್ತಿ ಹಿಡಿದರೆ, ಲೆನ್ಸಿಗೂ ವಸ್ತುವಿಗೂ ನಡುವೆ ಕೆಸರಿಗೆ ಜಾಗವೇ ಇರುವುದಿಲ್ಲ. ದೂರದ್ದು ಕಾಣದು, ಮುಟ್ಟಿದ್ದು ಮಾತ್ರ ಕಾಣುತ್ತದೆ. ಕಟ್ಟಿದ ಮೊದಲ ಚೀಲ ಡ್ರೆಜರಿನ ಕಬ್ಬಿಣ ತಾಕುತ್ತಲೇ ಒಡೆಯಿತು. ಅಂಗಡಿಯವರನ್ನು ಬೇಡಿಕೊಂಡಾಗ ಚಕ್ಕುಲಿ ತುಂಬಿಟ್ಟಿದ್ದ ಕೆಂಪು ಮುಚ್ಚಳದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನು ಖಾಲಿ ಮಾಡಿ ಕೊಟ್ಟರು. ಮುಚ್ಚಳದಲ್ಲಿ ತೂತು ಮಾಡಿ ಕೇಬಲ್ ತೂರಿಸಿ, ಟೇಪು ಸುತ್ತಿ, ಡಬ್ಬಿಗೆ ಕುಡಿಯುವ ನೀರು ತುಂಬಿ, ಎಲ್ಲವನ್ನೂ ದೋಣಿಯ ಉದ್ದನೆಯ ಕೋಲಿನ ತುದಿಗೆ ಬಿಗಿದೆವು. ಬಿಳಿ ದೀಪವನ್ನು ಅತಿ ಕಡಿಮೆಗೆ ಇಳಿಸಿದೆವು.

ಸೆಲ್ವಿ ದೋಣಿ ಹತ್ತಲು ಬಂದಾಗ ನಾನು ತಡೆದೆ. ನಾವು ನೋಡಿ ಹೇಳುತ್ತೇವೆ, ಆ ದೃಶ್ಯ ನಿನಗೆ ಬೇಡ ಎಂದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು.

"ನೀವು ಹೇಳಿದ್ರೆ ನಾನು ನಂಬ್ತೀನಿ ಅಕ್ಕಾ. ಆದ್ರೆ ಊರಿಗೆ ಉತ್ತರ ಹೇಳಬೇಕಾದವಳು ನಾನು. ಅವರು ಹೇಳಿದ್ದನ್ನ ಕೇಳ್ಕೊಂಡು ಸಾಕಾಗಿದೆ. ನೋಡಿದ್ದೀನಿ ಅಂತ ಹೇಳಬೇಕು."

ಟುವಾನ್ ತಲೆಯಾಡಿಸಿದರು. ಅವಳು ಹತ್ತಿದಳು. ಮುತ್ತುವೂ ಹತ್ತಿದ.

ಈ ಬಾರಿ ಪರದೆಯಲ್ಲಿ ಬಿಳುಪಿರಲಿಲ್ಲ. ಅಂಗೈಯಗಲದ ಒಂದೊಂದು ತುಣುಕು ಬರುತ್ತಿತ್ತು: ತುಕ್ಕಿನ ಚಕ್ಕೆ, ಮರದ ಎಳೆ, ಬಲೆಯ ಗಂಟು. ಟುವಾನ್ ಕೋಲನ್ನು ಸ್ವಲ್ಪವೇ ಸರಿಸುತ್ತಿದ್ದರು, ಇಮ್ತಿಯಾಜ್ ಕೇಬಲ್ ಹಿಡಿದಿದ್ದ. ಕುರುಡರು ಬೆರಳಿನಿಂದ ಮುಖ ತಿಳಿಯುವಂಥ ಕೆಲಸ ಅದು. ಗಂಟುಗಂಟಾದ ನೈಲಾನ್ ಬಲೆಯೇ ಬಹಳ ಹೊತ್ತು ಕಾಣಿಸಿತು. ಅದರ ಹಿಂದೆ ಒಮ್ಮೆ ಬಟ್ಟೆ ಬಂತು. ನೀಲಿ ಚೌಕಳಿ. ಕೋಲು ನಿಂತಿತು. ಬಟ್ಟೆ ಎಂದ ಮಾತ್ರಕ್ಕೆ ಮನುಷ್ಯನೆಂದು ಹೇಳಲಾಗದು. ಹೊಂಡಕ್ಕೆ ಜನ ಏನೇನೋ ಎಸೆಯುತ್ತಾರೆ. ಟುವಾನ್ ಮತ್ತೆ ತುಸುವೇ ಸರಿಸಿದರು. ಚೌಕಳಿಯ ಅಂಚಿನಲ್ಲಿ ಬಿಳಿಯ ಗುಂಡಿ ಕಂಡಿತು, ಅದರ ಕೆಳಗೆ ಹಸಿರು ಬಣ್ಣದ ಇನ್ನೊಂದು.

"ನಿಲ್ಲಿಸಿ," ಎಂದಳು ಸೆಲ್ವಿ. ಅವಳ ಧ್ವನಿ ಏರಲಿಲ್ಲ. "ಅವರ ಶರ್ಟಿಗೆ ಇನ್ನೊಂದು ಬಿಳಿ ಗುಂಡಿ ಸಿಗಲಿಲ್ಲ. ಇದನ್ನ ನನ್ನ ಹಳೇ ಬ್ಲೌಸಿಂದ ಕಿತ್ತು ಹೊಲಿದಿದ್ದೆ. ಗಂಡಸಿಗೆ ಹಸಿರು ಗುಂಡೀನಾ ಅಂತ ನಗಾಡಿದ್ರು."

ಮುತ್ತು ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ತಲೆ ತಗ್ಗಿಸಿದ. ಟುವಾನ್ ಟೋಪಿ ತೆಗೆದು ತಮ್ಮ ಪದ್ಧತಿಯಂತೆ ಮೆಲುದನಿಯಲ್ಲಿ ಪ್ರಾರ್ಥಿಸಿದರು. ಇಮ್ತಿಯಾಜನ ತುಟಿಗಳೂ ಅಲುಗಿದವು.

ಎಲ್ಲಿ ಸಿಲುಕಿದ್ದಾನೆಂದು ಖಚಿತವಾದ ಮೇಲೆ ಮುಳುಗುಗಾರರು ಹಗ್ಗ ಕಟ್ಟಿಕೊಂಡು ಹೊರಗಿನಿಂದಲೇ ಬಲೆಯನ್ನು ಕತ್ತರಿಸುತ್ತ ಹೋದರು. ಸಂಜೆಗೆ ಮುಂಚೆ ಗಣೇಶನನ್ನು ಮೇಲೆ ತಂದರು. ಮರುದಿನ ಅಂತ್ಯಕ್ರಿಯೆಗೆ ಊರಿಗೆ ಊರೇ ಬಂದಿತ್ತು, ಆಡಿಕೊಂಡವರೂ ಬಂದಿದ್ದರು. ಮುಳುಗಿದವನು ಮೇಲೆ ಬಾರದಿರಲು ಒಂದು ಹರಿದ ಬಲೆ ಸಾಕು ಎಂಬುದನ್ನು ಈಗ ಅವರೇ ಒಬ್ಬರಿಗೊಬ್ಬರು ವಿವರಿಸಿಕೊಳ್ಳುತ್ತಿದ್ದರು.

ನಾನು ಕಾರ್ಖಾನೆಗೆ ಮರಳಿ ಎರಡು ಬೇಡಿಕೆ ಮುಂದಿಟ್ಟೆ. ಮೊದಲನೆಯದು, ಈ ಕ್ಯಾಮೆರಾ ಎಂಥ ನೀರಿನಲ್ಲಿ ಕಾಣಲಾರದು ಎಂಬುದನ್ನು ಬಳಕೆಯ ಕೈಪಿಡಿಯಲ್ಲಿ ಅಚ್ಚು ಮಾಡಬೇಕು. ಮಾರಾಟ ವಿಭಾಗದವರು ನಕ್ಕರು. ತಮ್ಮ ಸರಕಿನ ದೋಷವನ್ನು ತಾವೇ ಸಾರುವವರುಂಟೇ ಎಂದರು. ಮಿತಿಯನ್ನು ಹೇಳುವುದು ದೋಷವನ್ನು ಒಪ್ಪಿಕೊಳ್ಳುವುದಲ್ಲ, ಹಿಮಗಟ್ಟಿದ ಕೆರೆಯಲ್ಲೂ ಕೆಲವೊಮ್ಮೆ ತಳ ಕದಡುತ್ತದೆ, ಮೀನಿಲ್ಲವೆಂದು ಎದ್ದುಹೋಗುವವನಿಗೆ ಸತ್ಯ ತಿಳಿಯುವ ಹಕ್ಕಿದೆ ಎಂದು ವಾದಿಸಿದೆ. ತಿಂಗಳುಗಳ ನಂತರ ಅರ್ಧ ಪುಟ ಸಿಕ್ಕಿತು. ಎರಡನೆಯದು ನನ್ನ ವಿಭಾಗದ್ದೇ ಆದ್ದರಿಂದ ಸುಲಭವಾಯಿತು. ಪರೀಕ್ಷಾ ವರದಿಯಲ್ಲಿ ಪಾಸ್, ಫೇಲ್ ಜೊತೆಗೆ 'ನಿರ್ಧರಿಸಲಾಗಲಿಲ್ಲ' ಎಂಬ ಮೂರನೆಯ ಉತ್ತರವೂ ಸೇರಿತು. ಹೊಂಡದ ಸುತ್ತ ಬೇಲಿ ಹಾಕಿಸಬೇಕೆಂದು ನಾವು ಸರ್ಕಾರಕ್ಕೆ ಕೊಟ್ಟ ಮನವಿ ಮಾತ್ರ ಇನ್ನೂ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದೆ. ನಾನೂ ಅದರ ಹಿಂದೆ ಅಲೆಯುತ್ತಿದ್ದೇನೆ.

ಈ ವೃತ್ತಿ ನನಗೆ ಕಲಿಸಿದ ಪಾಠವನ್ನು ನನಗಿಂತ ಚೆನ್ನಾಗಿ ಹೇಳಿದವಳು ಸೆಲ್ವಿ. ಅಂತ್ಯಕ್ರಿಯೆಯ ದಿನ ಮುತ್ತು ಅವಳ ಮುಂದೆ ಬಂದು, ತಮ್ಮನನ್ನು ಸರಿಯಾಗಿ ಹುಡುಕಿಸದೆ ಹೋದೆ, ಕ್ಷಮಿಸು ಎಂದು ಅತ್ತ. ಅವಳು ಅವನಿಗೆ ನೀರು ಕೊಟ್ಟು, ಕೂರಿಸಿ, ಆಮೇಲೆ ಹೇಳಿದಳು:

"ಹುಡುಕಲಿಲ್ಲ ಅಂತ ನನಗೆ ಬೇಜಾರಿಲ್ಲ ಅಣ್ಣಾ. ಆ ನೀರಲ್ಲಿ ಯಾರಿಗೂ ಏನೂ ಕಾಣ್ತಿರಲಿಲ್ಲ. ಕಾಣಲಿಲ್ಲ ಅಂತ ಅಷ್ಟೇ ಹೇಳಿದ್ದಿದ್ರೆ ನಾನೂ ನಿಮ್ಮ ಪಕ್ಕದಲ್ಲೇ ಕೂತು ಕಾಯ್ತಿದ್ದೆ."