ಮಂಜುಳಾ ಕಡೆ ತಿರುಗಿದ ಮೀಟರ್

ಬೇಲೂರಿನ ಬಸ್ ಸ್ಟ್ಯಾಂಡ್ ಹಿಂದೆ ಸೈಲೆನ್ಸರ್ ಕೆಲಸ ಮಾಡುವ ಪುಟ್ಟರಾಜು ಎಲ್ಲಿ ಅಂತ ಕೇಳಿದರೆ ಜನ ಒಂದು ಗಳಿಗೆ ಯೋಚನೆ ಮಾಡುತ್ತಿದ್ದರು. ಪುಕ್ಕಲ ಪುಟ್ಟರಾಜು ಅಂದರೆ ಮಾತ್ರ ತಟ್ಟನೆ ಅಂಗಡಿ ತೋರಿಸುತ್ತಿದ್ದರು. ಗಾಡಿಯ ಕೆಳಗೆ ನುಗ್ಗುವ ಮುಂಚೆ ಜಾಕನ್ನು ಮತ್ತೆ ಮತ್ತೆ ಅಲ್ಲಾಡಿಸಿ ನೋಡುವ ಆಸಾಮಿ ಅವನು. ನಗುವವರು ನಗಲಿ ಬಿಡಿ, ಅವರೇನು ಅವನು ಕಂಡದ್ದನ್ನು ಕಂಡಿದ್ದರೇ? ಬಿಕ್ಕೋಡಿನ ರಸ್ತೆಯಲ್ಲಿ ಎಸ್ಟೇಟಿನ ಜೀಪೊಂದರ ಟರ್ಬೊ ಒಡೆದು, ಇಂಜಿನ್ನು ತನ್ನ ಎಣ್ಣೆಯನ್ನೇ ಕುಡಿಯುತ್ತಾ, ಚಾವಿ ತೆಗೆದರೂ ನಿಲ್ಲದೆ ಅರಚಿ ಅರಚಿ ಕೊನೆಗೆ ಬೆಂಕಿ ಹತ್ತಿಕೊಂಡಿತ್ತು. ಡ್ರೈವರ್ ಹೇಗೋ ಹಾರಿಕೊಂಡು ಬದುಕಿದ. ಅವತ್ತಿನಿಂದ ಟರ್ಬೊ ಅಂದರೆ ಪುಟ್ಟರಾಜುವಿನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

ಅಂಥವನ ತಂಗಿಯ ಗಂಡನೇ ಟರ್ಬೊ ಕಾರು ತರಬೇಕೇ! ಅರಸೀಕೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದ ಸ್ವಾಮಿ ಎರಡು ಸಾವಿರದ ಒಂದನೇ ಇಸವಿಯಲ್ಲಿ ಯಾರೋ ಓಡಿಸಿ ಮಾರಿದ ಹಳೆಯ ಡೀಸೆಲ್ ಕಾರೊಂದನ್ನು ಕೊಂಡು ತಂದ. ತಂದವನೇ, ಬೆಂಗಳೂರಿನಲ್ಲಿ ಹಾಕುತ್ತಾರಲ್ಲ ಹಾಗೆ ದಪ್ಪ ಸೈಲೆನ್ಸರ್ ಹಾಕಿಕೊಡಿ, ಗಾಡಿ ಕಿತ್ತುಕೊಂಡು ಹೋಗಬೇಕು ಎಂದು ದುಂಬಾಲು ಬಿದ್ದ.

ಪುಟ್ಟರಾಜು ಬಿಡಿಸಿ ಹೇಳಿದ. ಹೊಗೆ ಹೊರಗೆ ನುಗ್ಗುವ ರಭಸಕ್ಕೆ ಟರ್ಬೊ ಚಕ್ರ ತಿರುಗಿ ಇಂಜಿನ್ನಿಗೆ ಗಾಳಿ ತುರುಕುತ್ತದೆ. ಆ ಒತ್ತಡವೇ ಬೂಸ್ಟು. ಅದು ಮಿತಿ ಮುಟ್ಟಿದ ಕೂಡಲೇ ಒಂದು ಪುಟ್ಟ ಬಾಗಿಲು ತೆರೆದು, ಹೆಚ್ಚಿನ ಹೊಗೆಯನ್ನು ಚಕ್ರಕ್ಕೆ ಸೋಕಿಸದೆ ಆಚೆ ಕಳಿಸುತ್ತದೆ. ಬಾಗಿಲು ಯಾವಾಗ ತೆರೆಯಬೇಕೆಂದು ಒತ್ತಡದ ಸುದ್ದಿ ಮುಟ್ಟಿಸುವುದು ಕಿರುಬೆರಳ ಗಾತ್ರದ ಒಂದು ರಬ್ಬರ್ ಪೈಪು. ಸೈಲೆನ್ಸರ್ ತೀರಾ ದಪ್ಪವಾದರೆ ಹೊಗೆ ಸಲೀಸಾಗಿ ಹೋಗಿ ಚಕ್ರದ ಓಟ ಏರುತ್ತದೆ, ಆ ಬಾಗಿಲಿನ ಕೈಯಲ್ಲಿ ತಡೆಯಲು ಆಗುವುದಿಲ್ಲ, ಕೊನೆಗೆ ಟರ್ಬೊ ಒಡೆಯುತ್ತದೆ. ಇಷ್ಟು ಹೇಳಿದರೂ ಮೇಷ್ಟ್ರು, ಭಾವನಿಗೆ ಎಲ್ಲದಕ್ಕೂ ಹೆದರಿಕೆ ಎಂದು ನಕ್ಕ. ನಡುಗಾತ್ರದ ಪೈಪಿಗೆ ಅವನನ್ನು ಒಪ್ಪಿಸುವಷ್ಟರಲ್ಲಿ ಪುಟ್ಟರಾಜುವಿಗೆ ಸಾಕುಸಾಕಾಯಿತು.

ಹಾಕಿಯಾದ ಮೇಲೆ ಹಳೇಬೀಡಿನ ರಸ್ತೆಯಲ್ಲಿ ಓಡಿಸಿ ನೋಡಿದ. ಒತ್ತಡ ಅಳೆಯಲೆಂದು ತಾನು ಸಿಕ್ಕಿಸಿದ್ದ ಬೂಸ್ಟ್ ಮೀಟರಿನ ಸೂಜಿ ಕೆಂಪು ಗೆರೆಯ ಹತ್ತಿರವೂ ಸುಳಿಯಲಿಲ್ಲ. ಆದರೂ ಸಮಾಧಾನವಿಲ್ಲ. ಆ ಮೀಟರನ್ನು ಕಾರಿನೊಳಗೇ ಕೂರಿಸಿ, ಓಡಿಸುವವನ ಕಡೆಗಲ್ಲ, ಪಕ್ಕದ ಸೀಟಿನ ಕಡೆಗೆ ತಿರುಗಿಸಿದ. ಸ್ವಾಮಿಯ ಕಣ್ಣು ರಸ್ತೆಯ ಮೇಲಿದ್ದರೆ ಅದೇ ದೊಡ್ಡದು. ಪಕ್ಕದಲ್ಲಿ ಕೂರುವ ತಂಗಿ ಮಂಜುಳಾ ಅಣ್ಣನಷ್ಟೇ ಪುಕ್ಕಲಿ. ಸೂಜಿ ಕೆಂಪು ದಾಟಿದರೆ ಏನಾದರೂ ಮಾಡಿ ಗಾಡಿ ನಿಲ್ಲಿಸು ಎಂದು ಅವಳಿಗೆ ಹೇಳಿಕೊಟ್ಟ. ಆಗ ಅವಳಿಗೆ ಏಳು ತಿಂಗಳು.

ದಸರೆಗೆ ಗಂಡ ಹೆಂಡತಿ ಬೇಲೂರಿಗೆ ಬಂದರು. ಆಯುಧಪೂಜೆಯ ದಿನ ಪುಟ್ಟರಾಜು ವೆಲ್ಡಿಂಗ್ ಮೆಷಿನ್ನು, ಸ್ಪಾನರು, ಸುತ್ತಿಗೆ ಎಲ್ಲಕ್ಕೂ ಅರಿಶಿನದ ಕೊಂಬಿನ ಕಂಕಣ ಕಟ್ಟಿದ. ತಾಯಿ ಮುನಿಯಮ್ಮನ ಕೈಗೂ ಒಂದು ಕಟ್ಟಿದ. ಆಮೇಲೆ ಕಾರಿನ ಬಾನೆಟ್ ಎತ್ತಿ, ಯಾವುದಕ್ಕೆ ಕಟ್ಟಲಿ ಎಂದು ನೋಡುತ್ತಾ ನಿಂತ. ಯಾವುದು ಕೈಕೊಟ್ಟೀತು ಎಂದು ಜೀವ ಹೆಚ್ಚು ಅಂಜುತ್ತಿತ್ತೋ ಅದಕ್ಕೇ ಕಟ್ಟಿದ, ಆ ರಬ್ಬರ್ ಪೈಪಿಗೆ. ಬಿಚ್ಚಿಹೋದೀತೆಂದು ಎಳೆದು ಬಿಗಿದು ಗಂಟು ಹಾಕಿ, ತಂಗಿಯನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಕಾಪಾಡಪ್ಪ ಎಂದು ಕಣ್ಣು ಮುಚ್ಚಿ ಕೈಮುಗಿದ.

ಮಾರನೆಯ ಬೆಳಿಗ್ಗೆ ಅವರಿಬ್ಬರೂ ಅರಸೀಕೆರೆಗೆ ಹೊರಟರು. ಕಾರು ಕಣ್ಮರೆಯಾಗಿ ಸ್ವಲ್ಪ ಹೊತ್ತಿಗೆ ಮುನಿಯಮ್ಮ ಕೈ ಚಾಚಿಕೊಂಡು ಬಂದಳು.

“ಇದನ್ನ ಒಸಿ ಕತ್ತರ್ಸ್ಕೊಡು ಕಣ್ಲಾ. ಬಿಗಿಯಾಗಿ ಬೆರಳ್ಗೆ ರಕ್ತಾನೇ ಓಡ್ತಿಲ್ಲ.”

ಪುಟ್ಟರಾಜು ದಾರ ಕತ್ತರಿಸಿದ. ಮಣಿಕಟ್ಟಿನಲ್ಲಿ ದಾರ ಒತ್ತಿದ್ದ ಕಡೆ ಹಳ್ಳ ಬಿದ್ದಿತ್ತು. ಅದನ್ನು ನೋಡುತ್ತಿದ್ದ ಹಾಗೆಯೇ ಅವನ ಕೈಯಿಂದ ಕತ್ತರಿ ಜಾರಿ ಬಿತ್ತು. ಮಾಂಸದ ಗತಿಯೇ ಹೀಗಾದರೆ, ಇಂಜಿನ್ ಶಾಖಕ್ಕೆ ಮೆತ್ತಗಾಗುವ ರಬ್ಬರಿನ ಗತಿಯೇನು? ಪೈಪಿನ ಕುತ್ತಿಗೆ ಕಟ್ಟಿಬಿಟ್ಟಿದ್ದೀನಲ್ಲ, ಬಾಗಿಲಿಗೆ ಸುದ್ದಿ ಹೋಗುವುದು ಹೇಗೆ? ಅಯ್ಯೋ, ಬಾಗಿಲು ತೆರೆಯುವುದೇ ಇಲ್ಲ!

ದಾರಿಯಲ್ಲಿ ಇರುವವರಿಗೆ ಫೋನು ಮಾಡುವುದೆಲ್ಲಿ, ಆಗ ಇವರ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಪಕ್ಕದ ಅಂಗಡಿಯ ಜವರಪ್ಪನ ಬೈಕನ್ನು ಹೇಳದೆ ಕೇಳದೆ ಎತ್ತಿಕೊಂಡು ಓಡಿಸಿದ. ಜನ್ಮದಲ್ಲಿ ಅಷ್ಟು ಜೋರಾಗಿ ಗಾಡಿ ಓಡಿಸಿದವನಲ್ಲ. ಹಳೇಬೀಡು ದಾಟಿದ ಮೇಲೆ ದೂರದಲ್ಲಿ ಹೊಗೆ ಕಂಡಿತು. ಕಾರೇ ಹತ್ತಿಕೊಂಡಿತೆಂದು ಆಕ್ಸಿಲರೇಟರ್ ಇನ್ನಷ್ಟು ತಿರುವಿದ. ಹತ್ತಿರ ಹೋದರೆ ಯಾರೋ ತೋಟದಲ್ಲಿ ತೆಂಗಿನ ಸೋಗೆ ಸುಡುತ್ತಿದ್ದರು. ಹಾಳಾದವರು, ಇವತ್ತೇ ಸುಡಬೇಕಿತ್ತೇ ಎಂದು ಬೈದುಕೊಂಡೇ ಮುಂದೆ ಹೋದ.

ಕೊನೆಗೆ ಹೊಂಗೆ ಮರದಡಿ ಕಾರು ಕಂಡಿತು. ನಾಲ್ಕೂ ಬಾಗಿಲು ತೆರೆದಿದ್ದವು, ಒಳಗೆ ಯಾರೂ ಇಲ್ಲ. ಪುಟ್ಟರಾಜು ಬೈಕನ್ನು ನೆಲಕ್ಕೆ ಕೆಡವಿ ಓಡಿದ.

ಮಂಜುಳಾ ಆಚೆ ಬದಿಯ ಮೋರಿಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಸ್ವಾಮಿ ರಸ್ತೆಯ ನಡುವೆ ನಿಂತು, ಅವಳನ್ನು ಆಸ್ಪತ್ರೆಗೆ ಒಯ್ಯಲು ಬರುವ ಗಾಡಿಗೆಲ್ಲ ಕೈ ಅಡ್ಡ ಹಾಕುತ್ತಿದ್ದ. ತಾನೇ ಕಾರು ಓಡಿಸಿಕೊಂಡು ಹೋಗುವ ಧೈರ್ಯ ಅವನಿಗೆ ಉಳಿದಿರಲಿಲ್ಲ. ಮಂಜುಳಾ ಅಣ್ಣನನ್ನು ಹತ್ತಿರಕ್ಕೆ ಎಳೆದುಕೊಂಡು ಪಿಸುಗುಟ್ಟಿದಳು.

“ನೋವೂ ಇಲ್ಲ, ಏನೂ ಇಲ್ಲ ಕಣಣ್ಣ. ಸೂಜಿ ಕೆಂಪು ದಾಟ್ತು. ನಿಲ್ಸಿ ಅಂದ್ರೆ, ಗಾಡಿ ಇವತ್ತು ಹಾರ್ತಾ ಐತೆ ಅಂತ ಇನ್ನೂ ತುಳುದ್ರು. ಅದ್ಕೇ ಹೊಟ್ಟೆ ಹಿಡ್ಕೊಂಡು ಕಿರುಚಿಬಿಟ್ಟೆ.”

ಪುಟ್ಟರಾಜು ಅವಳ ತಲೆ ಸವರಿದ. ಬಾನೆಟ್ ಎತ್ತಿ ದಾರ ಕುಯ್ದ. ಪೈಪು ಅಲ್ಲಿ ಚಪ್ಪಟೆಯಾಗಿ ಒಳಕ್ಕೆ ಅಂಟಿಕೊಂಡಿತ್ತು. ಆ ತುದಿಯನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಮತ್ತೆ ಸಿಕ್ಕಿಸಿದ. ಸ್ವಾಮಿ ಹತ್ತಿರ ಬಂದು ಅದೇನು ಎಂದು ಕೇಳಿದಾಗ ಅಂಗೈಯಲ್ಲಿದ್ದ ಅರಿಶಿನದ ಕೊಂಬು ತೋರಿಸಿದ.

“ನಾನೇ ಕಟ್ಟಿದ್ದು ಕಣ್ರೀ. ಏನೂ ಆಗ್ದಿರ್ಲಿ ಅಂತ.”

ಬೇರೆ ದಿನವಾಗಿದ್ದರೆ ಮೇಷ್ಟ್ರು ವರ್ಷವಿಡೀ ಆಡಿಕೊಂಡು ನಗುತ್ತಿದ್ದ. ಇವತ್ತು ನಗಲಿಲ್ಲ. ಹೆಂಡತಿ ಹೊಟ್ಟೆಯ ಮೇಲಿನ ಕೈ ತೆಗೆದು, ಏನೂ ಆಗದವಳಂತೆ ಮೆಲ್ಲಗೆ ಎದ್ದು ಬಂದು ತನ್ನ ಜಾಗದಲ್ಲಿ ಕೂರುವುದನ್ನೇ ನೋಡಿದ, ತಾನೂ ಕೂತ, ಚಾವಿ ಮಾತ್ರ ತಿರುಗಿಸಲಿಲ್ಲ.

“ಭಾವ, ಆ ಮೀಟರ್ನ ನನ್ ಕಡೆ ತಿರುಗ್ಸಿಕೊಡಿ,” ಎಂದ.

“ಬ್ಯಾಡ ಕಣಣ್ಣ,” ಎಂದಳು ಮಂಜುಳಾ. “ನನ್ ಕಡೀಕೇ ಇರ್ಲಿ.”